ಐದು ಹೊಸ ಹಾಡು, ಏಳು ಹಳೆಯ ಹಾಡು: ಸೆಸಿಲ್ ಸಾಲ್ವಾಂಟ್ ಅವರ ಒಂದು ಆಲ್ಬಂ ಬಗ್ಗೆ

(ಸಂಗೀತ ಕೇಳುವವರ ಒಂದು ಚಿಕ್ಕ ಗುಂಪಿನ ಮುಂದೆ ಆಡಿದ ಮಾತು ಇದು. ನಡುನಡುವೆ ಹಾಡು ಹಾಕಿ ಕೇಳಿಸಿದ್ದೆ. ಬರಹದಲ್ಲಿ ಅದು ಆಗುವುದಿಲ್ಲವಲ್ಲ, ಹಾಗಾಗಿ ಹಾಡಿನೊಳಗೆ ಏನು ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ಜಾಸ್ತಿ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈವತ್ತು ಒಂದೇ ಒಂದು ಆಲ್ಬಂ ಬಗ್ಗೆ ಮಾತಾಡುತ್ತೇನೆ. ಹೆಸರು 'ಫಾರ್ ಒನ್ ಟು ಲವ್'. 2015ರ ಸೆಪ್ಟೆಂಬರಿನಲ್ಲಿ ಬಂತು. ಹಾಡಿದವರು ಅಮೆರಿಕದ ಜಾಝ್ ಗಾಯಕಿ ಸೆಸಿಲ್ ಮೆಕ್ಲಾರಿನ್ ಸಾಲ್ವಾಂಟ್. ಆಗ ಅವರಿಗೆ 26 ವರ್ಷ. ಮರುವರ್ಷ ಅದಕ್ಕೆ ಅತ್ಯುತ್ತಮ ಜಾಝ್ ಗಾಯನದ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದರಲ್ಲಿ 12 ಹಾಡುಗಳಿವೆ. ಐದು ಅವರೇ ಬರೆದದ್ದು, ಅವರೇ ರಾಗ ಹಾಕಿದ್ದು. ಉಳಿದ ಏಳು ಬೇರೆಯವರವು, ಎಲ್ಲವೂ ಸೆಸಿಲ್ ಹುಟ್ಟುವ ಎಷ್ಟೋ ವರ್ಷ ಮೊದಲಿನವು. ಈ ಐದಕ್ಕೂ ಆ ಏಳಕ್ಕೂ ಏನು ಸಂಬಂಧ? ನಾನು ಹೇಳಬೇಕೆಂದು ಬಂದಿರುವುದು ಅದನ್ನೇ. ಆ ಏಳನ್ನು ಹುಡುಕಿ ತೆಗೆದು, ತನ್ನ ಐದರ ನಡುವೆ ಯಾವುದರ ಪಕ್ಕ ಯಾವುದು ಎಂದು ಯೋಚಿಸಿ ಕೂರಿಸಿದ್ದಾರಲ್ಲ, ಆ ಕೆಲಸ ಹಾಡು ಬರೆಯುವುದಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದಲ್ಲ ಅಂತ ನನಗೆ ಅನ್ನಿಸುತ್ತದೆ.

ಜಾಝ್ ಅಷ್ಟಾಗಿ ಕೇಳದವರೂ ಇಲ್ಲಿದ್ದೀರಿ, ಅದಕ್ಕೆ 'ಸ್ಟ್ಯಾಂಡರ್ಡ್' ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. 1920ರಿಂದ 1950ರವರೆಗಿನ ಕಾಲದಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಸಾವಿರಾರು ಹಾಡುಗಳನ್ನು ಬರೆದರು. ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್, ರಿಚರ್ಡ್ ರಾಜರ್ಸ್ ಇವರೆಲ್ಲ ಆ ಕಾಲದವರು. ನಾಟಕಗಳನ್ನು ಜನ ಮರೆತರು. ಹಾಡುಗಳನ್ನು ಜಾಝ್‌ನವರು ಎತ್ತಿಕೊಂಡರು. ಅವುಗಳಲ್ಲಿ ಬಹಳಷ್ಟು ಹಾಡುಗಳ ಕಟ್ಟಡ ಒಂದೇ ತರಹ: 32 ಬಾರ್‌ಗಳು (ಬಾರ್ ಅಂದರೆ ತಾಳದ ಒಂದು ಸುತ್ತು), ಎಂಟೆಂಟರ ನಾಲ್ಕು ತುಂಡು. ಮೊದಲ ತುಂಡಿನ ರಾಗವೇ ಎರಡನೆಯದರಲ್ಲಿ ಮತ್ತೆ ಬರುತ್ತದೆ, ಮೂರನೆಯದರಲ್ಲಿ ದಾರಿ ಬದಲಾಗುತ್ತದೆ (ಇದನ್ನು ಬ್ರಿಡ್ಜ್ ಅನ್ನುತ್ತಾರೆ), ನಾಲ್ಕನೆಯದರಲ್ಲಿ ಮೊದಲ ರಾಗಕ್ಕೆ ವಾಪಸ್. ಈ ಕಟ್ಟಡ ಎಲ್ಲರಿಗೂ ಬಾಯಿಪಾಠ. ಹಿಂದೆಂದೂ ಭೇಟಿಯಾಗದ ನಾಲ್ಕು ಜನ ವೇದಿಕೆ ಹತ್ತಿ, ಹಾಡಿನ ಹೆಸರು ಮತ್ತು ಶ್ರುತಿ ಹೇಳಿಕೊಂಡು ನುಡಿಸಲು ಶುರುಮಾಡಬಹುದು.

ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಹಾಡನ್ನು ಭೀಮಸೇನ ಜೋಶಿಯವರೂ ಹಾಡಿದರು, ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಹಾಡಿದರು. ಪದ ಅದೇ. ಆದರೆ ಒಂದನ್ನು ಕೇಳಿದವರು ಇನ್ನೊಂದು ಬೇಡ ಅನ್ನುವುದಿಲ್ಲ, ಅಲ್ವಾ? ಸ್ಟ್ಯಾಂಡರ್ಡ್‌ಗಳ ಬದುಕೂ ಹೆಚ್ಚು ಕಡಿಮೆ ಹಾಗೆಯೇ. ಅಲ್ಲಿ ಸ್ವಾತಂತ್ರ್ಯ ಇನ್ನೂ ಜಾಸ್ತಿ. ಬರೆದಿಟ್ಟ ರಾಗವನ್ನೇ ಮುರಿಯಬಹುದು, ವೇಗ ಅರ್ಧ ಮಾಡಬಹುದು, ಸಂತೋಷದ ಹಾಡನ್ನು ದುಃಖಕ್ಕೆ ತಿರುಗಿಸಬಹುದು.

ಹೊಸದಾಗಿ ಹಾಡಲು ಬಂದವರ ಕಷ್ಟವೂ ಇಲ್ಲೇ ಇದೆ. ಹಿಂದಿನ ತಲೆಮಾರಿನ ದೊಡ್ಡ ಜಾಝ್ ಗಾಯಕಿಯರಾದ ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಜೆರಾಲ್ಡ್, ಸಾರಾ ವಾನ್ ಈ ಹಾಡುಗಳನ್ನು ಹಾಡಿಟ್ಟು ಹೋಗಿದ್ದಾರೆ. ಆ ರೆಕಾರ್ಡುಗಳು ಈಗಲೂ ಎಲ್ಲರ ಕೈಗೆ ಸಿಗುತ್ತವೆ. ಇಪ್ಪತ್ತೈದರ ಹುಡುಗಿ ಅದೇ ಹಾಡು ಎತ್ತಿಕೊಂಡರೆ ಕೇಳುವವರ ಕಿವಿಯಲ್ಲಿ ಆ ಮೂವರೂ ಮೊದಲೇ ಕೂತಿರುತ್ತಾರೆ. ಹಾಗಂತ ಹಳೆಯದೆಲ್ಲ ಬಿಟ್ಟು ಬರೀ ಸ್ವಂತ ಹಾಡು ಹಾಡಿದರೆ ಅದರ ಕಷ್ಟವೇ ಬೇರೆ. ಜಾಝ್ ಹಾಡುಗಾರ್ತಿಯರಿಂದ ಜನ ಬಹುಕಾಲ ಸ್ವಂತ ಹಾಡುಗಳನ್ನು ಕೇಳಲೇ ಇಲ್ಲ. ಬರೆಯುವವರು ಬೇರೆ, ನುಡಿಸುವವರು ಬೇರೆ, ಮುಂದೆ ನಿಂತು ಹಾಡುವವಳು ಬೇರೆ, ಹೀಗಿತ್ತು ಹಂಚಿಕೆ. ಮೀರಿದವರು ಇದ್ದರು. ಬಿಲ್ಲಿ ಹಾಲಿಡೇ ಆರ್ಥರ್ ಹರ್ಜಾಗ್ ಜೊತೆ ಸೇರಿ ಬರೆದು, 1941ರಲ್ಲಿ ಹಾಡಿ ರೆಕಾರ್ಡ್ ಮಾಡಿದ 'ಗಾಡ್ ಬ್ಲೆಸ್ ದ ಚೈಲ್ಡ್' ಆಮೇಲೆ ತಾನೇ ಒಂದು ಸ್ಟ್ಯಾಂಡರ್ಡ್ ಆಯಿತು. ಬೆಟ್ಟಿ ಕಾರ್ಟರ್ ಬರೆದರು. ಅಬ್ಬಿ ಲಿಂಕನ್ ಅಂತೂ ವಯಸ್ಸಾದ ಮೇಲೆ ತನ್ನದೇ ಹಾಡುಗಳ ಆಲ್ಬಂಗಳನ್ನು ಒಂದರ ಹಿಂದೆ ಒಂದು ತಂದರು.

ಇಲ್ಲಿ ನಮ್ಮ ಬೆಂಗಳೂರಿನವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆರ್. ಎ. ರಮಾಮಣಿ. ಕರ್ನಾಟಕ ಸಂಗೀತದ ಗಾಯಕಿ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಅವರು ಮಾಡಿದ 'ಜ್ಯೋತಿ' ಆಲ್ಬಂ ಅನ್ನು 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಅದರಲ್ಲಿ ರಮಾಮಣಿಯವರದೇ ರಚನೆಗಳಿವೆ. ಹಾಡುವವರೇ ರಚಿಸುವವರೂ ಆದಾಗ ಜಾಝ್ ವಾದಕರು ಅವರ ಜೊತೆ ಹೇಗೆ ಹೆಜ್ಜೆ ಹಾಕುತ್ತಾರೆ ಅಂತ ನೋಡಬೇಕಾದರೆ ಅದನ್ನು ಹುಡುಕಿ ಕೇಳಿ. ನಮ್ಮಲ್ಲಿ ಅದರ ಬಗ್ಗೆ ಮಾತು ತುಂಬಾ ಕಡಿಮೆ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಸರಿ, ಸೆಸಿಲ್ ಕಡೆಗೆ ಬರೋಣ.

ಹುಟ್ಟಿದ್ದು 1989ರಲ್ಲಿ, ಅಮೆರಿಕದ ಮಯಾಮಿಯಲ್ಲಿ. ಅಪ್ಪ ಹೈಟಿ ದೇಶದವರು, ಅಮ್ಮ ಫ್ರೆಂಚ್. ಐದನೇ ವಯಸ್ಸಿಗೆ ಪಿಯಾನೊ ಪಾಠ, ಎಂಟಕ್ಕೆ ಮಕ್ಕಳ ಗಾಯನ ತಂಡ. ಮನೆಯಲ್ಲಿ ಸಾರಾ ವಾನ್ ಹಾಡು ಕೇಳಿಸುತ್ತಿತ್ತು. ಆದರೆ ಹುಡುಗಿ ಕಲಿಯಲು ಹೊರಟಿದ್ದು ಪಾಶ್ಚಾತ್ಯ ಶಾಸ್ತ್ರೀಯ ಗಾಯನ. 2007ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿಗೆ ಹೋದರು. ಕಾನೂನು ಓದುತ್ತಾ, ಜೊತೆಗೆ ಬರೋಕ್ ಕಾಲದ (ಅಂದರೆ 17, 18ನೇ ಶತಮಾನದ ಯುರೋಪಿನ) ಗಾಯನ ಕಲಿಯುವುದು ಲೆಕ್ಕಾಚಾರ. ಅಲ್ಲಿ ಸಿಕ್ಕವರು ಝಾನ್-ಫ್ರಾನ್ಸ್ವಾ ಬೊನೆಲ್ ಎಂಬ ಜಾಝ್ ಮೇಷ್ಟ್ರು, ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುವವರು. ಮೊದಲ ಆಲ್ಬಂ ಬಂದಿದ್ದೂ ಅವರ ತಂಡದ ಜೊತೆಯಲ್ಲೇ. ಅಮೆರಿಕದ ಸಂಗೀತವನ್ನು ಅಮೆರಿಕದ ಹುಡುಗಿ ಫ್ರಾನ್ಸಿನಲ್ಲಿ ಕಲಿತದ್ದು ವಿಚಿತ್ರ ಅನ್ನಿಸಬಹುದು. ಆದರೆ ನನ್ನ ಪ್ರಕಾರ ಅದರಿಂದ ಒಳ್ಳೆಯದೇ ಆಯಿತು. ನ್ಯೂಯಾರ್ಕಿನಲ್ಲಿ ಎಲ್ಲರೂ ಹಾಡುವ ಐವತ್ತೋ ಅರವತ್ತೋ ಹಾಡುಗಳ ಸಾಲಿಗೆ ಅವರು ಕಟ್ಟುಬೀಳಲಿಲ್ಲ. ಎಲ್ಲರೂ ಮರೆತ ಹಾಡುಗಳ ಕಡೆ ಕಿವಿ ಹೋಯಿತು.

2010ರಲ್ಲಿ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಹೆಸರಿನ ಅಂತರರಾಷ್ಟ್ರೀಯ ಜಾಝ್ ಸ್ಪರ್ಧೆ ಗೆದ್ದರು. 2013ರಲ್ಲಿ 'ವುಮನ್‌ಚೈಲ್ಡ್' ಬಂತು. ಅದರಲ್ಲಿ ಹೈಟಿಯ ಕವಯಿತ್ರಿ ಇಡಾ ಫೋಬೆರ್ ಅವರ ಕವಿತೆಗೆ ತಾನೇ ರಾಗ ಹಾಕಿ ಹಾಡಿದ್ದಾರೆ. ಅಪ್ಪನ ದೇಶದ ಕವಿತೆ, ಅಮ್ಮನ ಭಾಷೆ. ಅದು ಒಳ್ಳೆಯ ಆಲ್ಬಂ, ಆದರೆ ನನಗೆ ಅದು ಏನೇನು ಹಾಡಬಲ್ಲೆ ಎಂದು ಒಂದೊಂದಾಗಿ ತೋರಿಸಿದ ಹಾಗೆ ಕೇಳಿಸುತ್ತದೆ. ಎರಡು ವರ್ಷ ಬಿಟ್ಟು ಬಂದ 'ಫಾರ್ ಒನ್ ಟು ಲವ್' ಮೊದಲಿನಿಂದ ಕೊನೆಯವರೆಗೆ ಒಂದೇ ಮಾತನ್ನು ಹಿಡಿದು ಹೋಗುತ್ತದೆ. ಪ್ರೀತಿ ಬೇಕು ಅನ್ನುವ, ಕಾಯುವ, ಕೇಳುವ, ಸಿಟ್ಟಾಗುವ ಹೆಣ್ಣಿನ ಮಾತು ಅದು.

ಆಲ್ಬಂನ ಮೂರನೇ ಹಾಡಿನಿಂದ ಆರನೇ ಹಾಡಿನವರೆಗೆ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಮಾತೆಲ್ಲ ಈ ನಾಲ್ಕು ಹಾಡುಗಳ ಮೇಲೆ ನಿಂತಿದೆ.

ಮೂರನೆಯದು 'ಸ್ಟೆಪ್‌ಸಿಸ್ಟರ್ಸ್ ಲಮೆಂಟ್'. 1957ರಲ್ಲಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿ ಅಮೆರಿಕದ ಟಿವಿಗಾಗಿ 'ಸಿಂಡರೆಲ್ಲಾ' ಎಂಬ ಸಂಗೀತ ನಾಟಕ ಮಾಡಿದರು. ಜೂಲಿ ಆಂಡ್ರ್ಯೂಸ್ ಸಿಂಡರೆಲ್ಲಾ. ರಾಜಕುಮಾರ ಅವಳ ಜೊತೆ ಕುಣಿಯುತ್ತಿರುವಾಗ ಪಕ್ಕದಲ್ಲಿ ನಿಂತ ಮಲ ಅಕ್ಕಂದಿರು ಹೊಟ್ಟೆ ಉರಿದುಕೊಂಡು ಹಾಡುವ ಹಾಡು ಇದು. ಅಂಥ ನಾಜೂಕಿನ ಹುಡುಗಿಯಲ್ಲಿ ಅವನಿಗೇನು ಕಂಡಿತು, ನಮ್ಮಂಥ ಗಟ್ಟಿ ಹುಡುಗಿಯರು ಯಾಕೆ ಬೇಡವಾದೆವು ಅನ್ನುವ ಧಾಟಿ. ನಾಟಕದಲ್ಲಿ ಇದು ನಗಿಸಲು ಬರೆದ ಹಾಡು. ಅಕ್ಕಂದಿರು ಕೆಟ್ಟವರು, ಅವರ ಸಂಕಟಕ್ಕೆ ನಾವು ನಗಬೇಕು. ಸೆಸಿಲ್ ಹಾಡುವಾಗ ತಮಾಷೆ ಹಾಗೆಯೇ ಇರುತ್ತದೆ, ಪೂರ್ತಿ ಮಜಾ ತೆಗೆದುಕೊಂಡೇ ಹಾಡುತ್ತಾರೆ. ಆದರೆ ಇಲ್ಲಿ ಸಿಂಡರೆಲ್ಲಾ ಇಲ್ಲ, ನಾಟಕವೂ ಇಲ್ಲ. ಹಾಡುವವಳು ಒಬ್ಬಳೇ. ಆಗ ಆ ಪ್ರಶ್ನೆ ನಿಜವಾದ ಪ್ರಶ್ನೆ ಆಗಿಬಿಡುತ್ತದೆ. ಯಾರೂ ಆರಿಸಿಕೊಳ್ಳದ ಹುಡುಗಿಗೆ ಹಾಡು ಬೇಡವಾ?

ಅದು ಮುಗಿದ ಕೂಡಲೇ ನಾಲ್ಕನೆಯದು, ಸೆಸಿಲ್ ಬರೆದ 'ಲುಕ್ ಅಟ್ ಮಿ'. ನೀನು ಬೇರೆ ಹುಡುಗಿಯರನ್ನು ನೋಡುವ ಹಾಗೆ ನನ್ನನ್ನು ಯಾಕೆ ನೋಡುವುದಿಲ್ಲ ಅಂತ ಕೇಳುವ ಹಾಡು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರಶ್ನೆ ಒಂದೇ. 1957ರಲ್ಲಿ ಇಬ್ಬರು ಗಂಡಸರು ಹೆಣ್ಣುಪಾತ್ರಗಳ ಬಾಯಿಗೆ ಇಟ್ಟ ತಮಾಷೆಯ ಪ್ರಶ್ನೆಯನ್ನು 2015ರಲ್ಲಿ ಒಬ್ಬ ಹುಡುಗಿ ತನ್ನ ಬಾಯಿಂದ, ತನ್ನ ಮಾತಿನಲ್ಲಿ, ನಗದೆ ಕೇಳುತ್ತಿದ್ದಾಳೆ. ಈ ಹಾಡನ್ನು ಆಲ್ಬಂನಿಂದ ಕಿತ್ತು ಬೇರೆಯಾಗಿ ಕೇಳಿದರೆ ಒಂದು ಒಳ್ಳೆಯ, ಮೆತ್ತನೆಯ ಪ್ರೇಮಗೀತೆ. ಮಲ ಅಕ್ಕಂದಿರ ಹಾಡಿನ ಬೆನ್ನಿಗೆ ಕೇಳಿದರೆ ಎದೆಗೆ ನಾಟುತ್ತದೆ.

ಐದನೆಯದು 'ವೈವ್ಸ್ ಅಂಡ್ ಲವರ್ಸ್'. ಬರ್ಟ್ ಬಕರಾಕ್ ಸಂಗೀತ, ಹಾಲ್ ಡೇವಿಡ್ ಸಾಹಿತ್ಯ. 1963ರಲ್ಲಿ ಜ್ಯಾಕ್ ಜೋನ್ಸ್ ಹಾಡಿ ಬಹಳ ಹೆಸರು ಮಾಡಿದ ಹಾಡು. ರಾಗ ಚೆಂದವೋ ಚೆಂದ. ಮಾತು ಕೇಳಿದರೆ ಬೆಚ್ಚಿಬೀಳುತ್ತೀರಿ. ಮದುವೆಯಾದ ಹೆಣ್ಣಿಗೆ ಬುದ್ಧಿ ಹೇಳುವ ಹಾಡು ಅದು: ತಲೆ ಬಾಚಿಕೋ, ಮುಖಕ್ಕೆ ಬಣ್ಣ ಹಚ್ಚಿಕೋ, ಗಂಡ ಮನೆಗೆ ಬರುವ ಹೊತ್ತಾಯಿತು, ಬೆರಳಿಗೆ ಉಂಗುರ ಬಿತ್ತು ಅಂತ ಇನ್ನು ಪ್ರಯತ್ನ ಮಾಡಬೇಕಾಗಿಲ್ಲ ಅಂದುಕೊಳ್ಳಬೇಡ, ಅವನ ಆಫೀಸಿನಲ್ಲಿ ಬೇರೆ ಹುಡುಗಿಯರೂ ಇದ್ದಾರೆ. ಇದನ್ನು ಹಾಡಲೇಬಾರದು ಅನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸೆಸಿಲ್ ಮಾತ್ರ ಹಾಡುತ್ತಾರೆ, ಅದೂ ಮಾತು ತಿದ್ದದೆ.

ಹಾಗಾದರೆ ಏನು ಬದಲಾಯಿತು? ಗಂಡಸು ಹಾಡಿದಾಗ ಅದು ಮೇಲಿನಿಂದ ಬಂದ ಬುದ್ಧಿಮಾತು. ಹೆಣ್ಣು ಹಾಡಿದಾಗ ಅದೇ ಮಾತು ಅಮ್ಮನೋ ಅತ್ತೆಯೋ ಪಕ್ಕದ ಮನೆಯಾಕೆಯೋ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ, ಅವರಿಗೂ ಯಾರೋ ಹೇಳಿ ಹೇಳಿ ಬಾಯಿಪಾಠ ಆದದ್ದು, ಅದನ್ನೇ ಈಗ ಇವಳಿಗೆ ದಾಟಿಸುತ್ತಿದ್ದಾರೆ, ಪ್ರೀತಿಯಿಂದಲೇ ದಾಟಿಸುತ್ತಿದ್ದಾರೆ. ಹೊಸದಾಗಿ ಒಂದು ಪ್ರತಿಭಟನೆಯ ಹಾಡು ಬರೆದಿದ್ದರೆ ಇಷ್ಟು ಹೇಳಲು ಆಗುತ್ತಿತ್ತೋ ಇಲ್ಲವೋ. 1963ರ ಹಾಡನ್ನು ಹಾಗೆಯೇ ಎತ್ತಿ ಎದುರಿಗಿಟ್ಟರೆ ಸಾಕಾಯಿತು. ತೀರ್ಪನ್ನು ಕೇಳುವವರಿಗೇ ಬಿಟ್ಟುಬಿಡುತ್ತಾರೆ ಅವರು. ನನ್ನನ್ನು ಕೇಳಿದರೆ ಇಡೀ ಆಲ್ಬಂನ ಅತ್ಯಂತ ಧೈರ್ಯದ ಕೆಲಸ ಇದು.

ಆಮೇಲೆ ಆರನೆಯದು, ಮತ್ತೆ ಸೆಸಿಲ್ ಅವರದೇ 'ಲೆಫ್ಟ್ ಓವರ್'. ನಿಧಾನದ ಹಾಡು. ಅವನ ಪ್ರೀತಿ ಬೇರೆ ಕಡೆ ಇದೆ, ಇವಳು ಮಿಕ್ಕು ಉಳಿದವಳು. ಮೂರು ಹಾಡುಗಳಲ್ಲಿ ಕಟ್ಟಿಕೊಂಡು ಬಂದ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ನಾಲ್ಕು ಹಾಡು. ಎರಡು ಹಳೆಯವು, ಎರಡು ಹೊಸವು. ಒಂದು ಬಿಟ್ಟು ಒಂದು. ಇದನ್ನು ಕಾಕತಾಳೀಯ ಅಂತ ನಾನು ಒಪ್ಪುವುದಿಲ್ಲ. ಹಳೆಯದು ಒಂದು ಮಾತು ಆಡುತ್ತದೆ, ಹೊಸದು ಅದಕ್ಕೆ ಉತ್ತರ ಕೊಡುತ್ತದೆ.

ಉಳಿದ ಹಾಡುಗಳಲ್ಲಿ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಎರಡನೆಯದು 'ಗ್ರೌಲಿನ್ ಡ್ಯಾನ್'. ಇದನ್ನು ಹಾಡಿದ್ದವರು ಬ್ಲಾಂಚ್ ಕ್ಯಾಲೊವೆ. ಅವರ ತಮ್ಮ ಕ್ಯಾಬ್ ಕ್ಯಾಲೊವೆ ಹೆಸರು ಜಾಝ್ ಓದಿದವರಿಗೆಲ್ಲ ಗೊತ್ತು. ಅಕ್ಕನ ಹೆಸರು ಎಷ್ಟು ಜನಕ್ಕೆ ಗೊತ್ತು? 1930ರ ದಶಕದಲ್ಲಿ ಗಂಡಸರೇ ತುಂಬಿದ್ದ ಆರ್ಕೆಸ್ಟ್ರಾವನ್ನು ತನ್ನ ಹೆಸರಿನಲ್ಲಿ ನಡೆಸಿದ ಹೆಣ್ಣುಮಗಳು ಆಕೆ. ಬೆಸ್ಸಿ ಸ್ಮಿತ್ 1920ರ ದಶಕದಲ್ಲಿ ಹಾಡಿದ 'ವಾಟ್ಸ್ ದ ಮ್ಯಾಟರ್ ನೌ' ಕೂಡ ಆಲ್ಬಂನಲ್ಲಿದೆ. ಇವೆರಡರಲ್ಲಿ ಹೆಣ್ಣು ಕಾಯುತ್ತಾ ಕೂತಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಾಳೆ, ದನಿಯನ್ನು ಒರಟು ಮಾಡಿಕೊಂಡು ಗುರುಗುಟ್ಟುತ್ತಾಳೆ. ಬಿಳಿಯರ ನಾಟಕದ ಹಾಡುಗಳ ಜೊತೆಗೆ ಕಪ್ಪು ಹೆಂಗಸರ ಬ್ಲೂಸ್ ಹಾಡನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದು ಬಹಳ ಮುಖ್ಯ. 'ಅಮೆರಿಕದ ಹಳೆಯ ಒಳ್ಳೆಯ ಹಾಡುಗಳು' ಅಂತ ಪಟ್ಟಿ ಮಾಡುವವರು ಈ ಹಾಡುಗಳನ್ನು ಎಷ್ಟೋ ಸಲ ಹೊರಗೇ ಬಿಡುತ್ತಾರೆ.

ಏಳನೆಯದು 'ದ ಟ್ರಾಲಿ ಸಾಂಗ್'. 1944ರ ಸಿನಿಮಾದಲ್ಲಿ ಜೂಡಿ ಗಾರ್ಲಂಡ್ ಹಾಡಿದ್ದು. ಟ್ರಾಮ್ ಗಾಡಿಯ ಗಂಟೆ, ಚಕ್ರ, ಎದೆಬಡಿತ ಎಲ್ಲ ಒಂದೇ ತಾಳದಲ್ಲಿ ಓಡುವ ಖುಷಿಯ ಹಾಡು. 'ಲೆಫ್ಟ್ ಓವರ್' ಆದ ಮೇಲೆ ಇದು ಬರುತ್ತದೆ! ಅಷ್ಟು ದುಃಖ ಕೇಳಿದವರಿಗೆ ಉಸಿರಾಡಲು ಜಾಗ ಸಿಗುತ್ತದೆ. ಹತ್ತನೆಯದು ಫ್ರೆಂಚ್ ಹಾಡು, 'ಲ ಮಾಲ್ ದ ವಿವ್ರ್'. ಬರೆದು ಹಾಡಿದವರು ಬಾರ್ಬರಾ ಎಂಬ ಹೆಸರಿನಿಂದ ಫ್ರಾನ್ಸಿನಲ್ಲೆಲ್ಲ ಪ್ರಸಿದ್ಧರಾದ ಗಾಯಕಿ. ಬದುಕಿನ ಭಾರದ ಬಗ್ಗೆ ಶುರುವಾಗುವ ಹಾಡು ಕೊನೆಗೆ ಬದುಕಿನ ಸಂತೋಷಕ್ಕೆ ಬಂದು ಮುಟ್ಟುತ್ತದೆ. ಆಲ್ಬಂನ ಹಳೆಯ ಹಾಡುಗಳಲ್ಲಿ ಸಾಹಿತ್ಯ, ಸಂಗೀತ ಎರಡನ್ನೂ ಒಬ್ಬ ಹೆಣ್ಣೇ ಮಾಡಿ, ತಾನೇ ಹಾಡಿದ ಹಾಡು ಇದು. ಸೆಸಿಲ್ ಮಾಡುತ್ತಿರುವ ಕೆಲಸಕ್ಕೆ ಮೊದಲೇ ದಾರಿ ಹಾಕಿದವರಲ್ಲಿ ಒಬ್ಬರನ್ನು ಅವರ ಭಾಷೆಯಲ್ಲೇ ಕರೆದು ತಂದ ಹಾಗಿದೆ.

ಹನ್ನೊಂದನೆಯದು 'ಸಮ್‌ಥಿಂಗ್ಸ್ ಕಮಿಂಗ್', 1957ರ 'ವೆಸ್ಟ್ ಸೈಡ್ ಸ್ಟೋರಿ' ನಾಟಕದ್ದು. ಲೆನರ್ಡ್ ಬರ್ನ್‌ಸ್ಟೈನ್ ಸಂಗೀತ, ಸ್ಟೀಫನ್ ಸಾಂಡ್‌ಹೈಮ್ ಸಾಹಿತ್ಯ. ನಾಟಕದಲ್ಲಿ ಇದು ಹುಡುಗನ ಹಾಡು. ಏನೋ ಬರಲಿದೆ, ಈ ತಿರುವಿನಾಚೆಯೇ ಇದೆ ಅಂತ ಕಾತರ. ಇಲ್ಲಿ ಆ ಕಾತರವನ್ನು ಒಬ್ಬ ಹೆಣ್ಣಿಗೆ ಕೊಟ್ಟಿದ್ದಾರೆ. ಆಲ್ಬಂನ ಅತಿ ಉದ್ದದ ಹಾಡು ಇದೇ, ವಾದ್ಯದವರಿಗೂ ಬೇಕಾದಷ್ಟು ಜಾಗ.

ವಾದ್ಯದವರು ಅಂದೆ. ಅವರು ಮೂರೇ ಜನ. ಪಿಯಾನೊ ಆರನ್ ಡೀಲ್, ಡಬಲ್ ಬೇಸ್ ಪಾಲ್ ಸಿಕಿವಿ, ಡ್ರಮ್ಸ್ ಲಾರೆನ್ಸ್ ಲೆದರ್ಸ್. ಹಿನ್ನೆಲೆಗೆ ವಯಲಿನ್‌ಗಳ ಗುಂಪಿಲ್ಲ, ತುಂಬಿಸುವ ಸದ್ದಿಲ್ಲ. ಇದರಿಂದ ಮಾತು ಚೆನ್ನಾಗಿ ಕೇಳುತ್ತದೆ. ಸೆಸಿಲ್ ದನಿಯ ವ್ಯಾಪ್ತಿ ಬಹಳ ದೊಡ್ಡದು, ಆದರೆ ಅದನ್ನು ಸುಮ್ನೆ ತೋರಿಸಿಕೊಳ್ಳಲು ಬಳಸುವುದಿಲ್ಲ. ಒಂದು ಪದಕ್ಕೆ ಎಳೆಹುಡುಗಿಯ ದನಿ, ಮುಂದಿನ ಪದಕ್ಕೆ ಅರವತ್ತು ದಾಟಿದ ಹೆಂಗಸಿನ ದನಿ, ಮಧ್ಯೆ ಒಮ್ಮೆ ಹಾಡು ಬಿಟ್ಟು ಮಾತಾಡಿಯೇ ಬಿಡುತ್ತಾರೆ. ಡೀಲ್ ಅದನ್ನು ಗಮನಿಸಿ ಕೈ ಹಿಂದೆಗೆಯುತ್ತಾರೆ. ಲೆದರ್ಸ್ ಬ್ರಷ್ ಹಿಡಿದು ಡ್ರಮ್ ಸವರುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅವರು 2019ರಲ್ಲಿ ನ್ಯೂಯಾರ್ಕಿನಲ್ಲಿ ಕೊಲೆಯಾದರು. ವಯಸ್ಸು ಇನ್ನೂ 37. ಈ ಆಲ್ಬಂ ಹಾಕಿದಾಗಲೆಲ್ಲ ನನಗೆ ಆ ನೆನಪಾಗದೆ ಇರುವುದಿಲ್ಲ.

ಒಂದು ತಕರಾರನ್ನೂ ಹೇಳಬೇಕು. ಸೆಸಿಲ್ ಅವರ ಐದು ಹಾಡುಗಳೂ ಒಂದೇ ಮಟ್ಟದ್ದಲ್ಲ. ಮೊದಲ ಹಾಡು 'ಫಾಗ್' ಮತ್ತು ಆಗ ಹೇಳಿದ ಎರಡು ಗಟ್ಟಿಯಾಗಿವೆ. 'ಮಂಡೇ', 'ಅಂಡರ್ಲಿಂಗ್' ನನಗೆ ಅಷ್ಟು ಹಿಡಿಸಲಿಲ್ಲ. ಅವುಗಳ ರಾಗ ಎಲ್ಲಿಗೆ ಹೋಗಬೇಕು ಅಂತ ಹುಡುಕುತ್ತಿರುವ ಹಾಗೆ ಕೇಳುತ್ತದೆ. ಅಕ್ಕಪಕ್ಕ ಬರ್ನ್‌ಸ್ಟೈನ್, ಬಕರಾಕ್ ಅಂಥವರು ಕೂತಿರುವಾಗ ಅದು ಇನ್ನೂ ಎದ್ದು ಕಾಣುತ್ತದೆ. ಅಂಥವರ ಪಕ್ಕ ತನ್ನ ಹಾಡನ್ನು ಇಡುವ ಧೈರ್ಯ ಮಾಡಿದರೆ ಈ ಹೋಲಿಕೆಯನ್ನೂ ಎದುರಿಸಬೇಕು. ಅವರು ಅದು ಗೊತ್ತಿದ್ದೇ ಇಟ್ಟಿದ್ದಾರೆ ಅಂತ ನನ್ನ ನಂಬಿಕೆ.

ಕೊನೆಯಲ್ಲಿ ಒಬ್ಬರು ಕೇಳಿದರು: ಹಳೆಯ ಹಾಡಿನ ಭಂಡಾರ 1950ರ ದಶಕಕ್ಕೇ ಮುಗಿಯಿತಲ್ಲ, ಇನ್ನು ಮುಂದೆ ಬರುವವರು ಅದೇ ಹಾಡುಗಳನ್ನೇ ಎಷ್ಟು ದಿನ ಹಾಡುತ್ತಾರೆ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸೆಸಿಲ್ ಅವರ ಮುಂದಿನ ಆಲ್ಬಂಗಳಲ್ಲೇ ಇದೆ. 2018ರ 'ದ ವಿಂಡೋ' ಹೆಚ್ಚಾಗಿ ಸಲಿವನ್ ಫೋರ್ಟ್ನರ್ ಪಿಯಾನೊ ಮತ್ತು ಇವರ ದನಿ, ಎರಡೇ. 2022ರ 'ಘೋಸ್ಟ್ ಸಾಂಗ್' ಆಲ್ಬಂನಲ್ಲಿ ಸ್ವಂತ ಹಾಡುಗಳು ಜಾಸ್ತಿಯಾದವು. ಅದು ಶುರುವಾಗುವುದು ಇಂಗ್ಲೆಂಡಿನ ಕೇಟ್ ಬುಷ್ 1978ರಲ್ಲಿ ಹಾಡಿದ 'ವದರಿಂಗ್ ಹೈಟ್ಸ್' ಹಾಡಿನಿಂದ. ಬ್ರಾಡ್‌ವೇಯದಲ್ಲ, ಜಾಝಿನದ್ದೂ ಅಲ್ಲ, ಒಬ್ಬ ಹುಡುಗಿ ಹದಿಹರೆಯದಲ್ಲಿ ತಾನೇ ಬರೆದ ಪಾಪ್ ಹಾಡು. ಸೆಸಿಲ್ ಅದನ್ನು ಮೊದಲು ಐರ್ಲೆಂಡಿನ ಹಳ್ಳಿಯ ಹಳೆಯ ಗಾಯನದ ರೀತಿಯಲ್ಲಿ, ವಾದ್ಯವಿಲ್ಲದೆ ಎತ್ತಿಕೊಳ್ಳುತ್ತಾರೆ. ಹತ್ತು ಜನ ಹಾಡುಗಾರರು ಹೀಗೆ ಎತ್ತಿಕೊಂಡರೆ ಅದೂ ಸ್ಟ್ಯಾಂಡರ್ಡ್ ಆಗುತ್ತದೆ. ಭಂಡಾರಕ್ಕೆ ಯಾರೂ ಬೀಗ ಹಾಕಿಲ್ಲ. ಬಿಲ್ಲಿ ಹಾಲಿಡೇ ಬರೆದದ್ದು ಒಳಗೆ ಹೋಯಿತು. 'ಲುಕ್ ಅಟ್ ಮಿ' ಹಾಡನ್ನು ಮುಂದೆ ಯಾರಾದರೂ ಇಪ್ಪತ್ತರ ಹುಡುಗಿ ಬೇರೆ ಶ್ರುತಿಯಲ್ಲಿ, ಬೇರೆ ವೇಗದಲ್ಲಿ ಹಾಡಬಹುದು. ನನಗಂತೂ ಅದನ್ನು ಕೇಳುವ ಆಸೆ ಇದೆ.

ಇನ್ನೊಬ್ಬರು, ಎಲ್ಲಿಂದ ಶುರುಮಾಡಲಿ ಅಂದರು. ಮೊದಲ ಸಲ ಮೂರರಿಂದ ಆರರವರೆಗಿನ ನಾಲ್ಕು ಹಾಡು ಕೇಳಿ, ಕ್ರಮ ತಪ್ಪಿಸಬೇಡಿ. ಷಫಲ್ ಗುಂಡಿ ಒತ್ತಿದರೆ ಈಗ ಹೇಳಿದ್ದು ಯಾವುದೂ ಸಿಗುವುದಿಲ್ಲ. ಆಮೇಲೆ ಜ್ಯಾಕ್ ಜೋನ್ಸ್ ಹಾಡಿದ್ದನ್ನು ಒಮ್ಮೆ ಕೇಳಿ, ಮತ್ತೆ ವಾಪಸ್ ಸೆಸಿಲ್ ಹಾಡಿದ್ದಕ್ಕೆ ಬನ್ನಿ.